ಟೋಕಿಯೊದ ದಿನನಿತ್ಯದ ಬದುಕು ನೋಡಲು ಎಲ್ಲಿಗೆ ಹೋಗಬೇಕು?

ಐದು ದಿನ ಟೋಕಿಯೊದಲ್ಲಿರುತ್ತೀರಿ, ದೇವಾಲಯ, ಗೋಪುರಗಳನ್ನು ಬಿಟ್ಟು ಅಲ್ಲಿನವರ ದಿನದ ಬದುಕು ಕಾಣುವ ಜಾಗ ಯಾವುದು ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ, ಸೆಂಟೊಗೆ ಹೋಗಿ. ಸೆಂಟೊ ಎಂದರೆ ಬಡಾವಣೆಯ ಸಾರ್ವಜನಿಕ ಸ್ನಾನದ ಮನೆ. ಬಿಸಿನೀರಿನ ಬುಗ್ಗೆಯ ಒನ್ಸೆನ್ ಬೇರೆ, ಅದಕ್ಕೆ ಜನ ರಜೆ ಹಾಕಿ ಹೋಗುತ್ತಾರೆ. ಸೆಂಟೊಗೆ ಪಕ್ಕದ ಬೀದಿಯಿಂದ ಚಪ್ಪಲಿ ಮೆಟ್ಟಿಕೊಂಡು ಬರುತ್ತಾರೆ.

ನಾನು ಅಲ್ಲಿ ಎರಡು ವರ್ಷ ಕೆಲಸದಲ್ಲಿದ್ದೆ. ಮೊದಲ ಆರು ತಿಂಗಳು ಮನೆ ಹತ್ತಿರದ ಸೆಂಟೊವನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತಿದ್ದೆ. ಕಾರಣ ನಾಚಿಕೆ. ಒಳಗೆ ಮೈಮೇಲೆ ನೂಲೆಳೆಯೂ ಇರಕೂಡದು. ಹೊಳೆಯಲ್ಲಿ ಮೀಯುವಾಗಲೂ ಪಂಚೆ ಬಿಡದ ಮನೆತನ ನಮ್ಮದು! ಕೊನೆಗೆ ಜನವರಿಯ ಚಳಿ ನಾಚಿಕೆಯನ್ನು ಗೆದ್ದಿತು.

ಬಾಗಿಲಲ್ಲಿ ಎರಡು ಪರದೆಗಳಿರುತ್ತವೆ. ಬಣ್ಣ ನೋಡಿ ನುಗ್ಗಬೇಡಿ, ಅಕ್ಷರ ಕಲಿತುಕೊಳ್ಳಿ. 'ಗಂಡು' ಎಂಬ ಅರ್ಥದ ಜಪಾನಿ ಅಕ್ಷರದಲ್ಲಿ ಮೇಲೆ ಗದ್ದೆಯ ಚಿಹ್ನೆ, ಕೆಳಗೆ ಶಕ್ತಿಯ ಚಿಹ್ನೆ. ನಾಲ್ಕು ಚೌಕದ ಗದ್ದೆ ಕಂಡರೆ ಅದು ಗಂಡಸರ ಕಡೆ.

ತೊಟ್ಟಿ ಇರುವುದು ಕೊಳೆ ತೊಳೆಯುವುದಕ್ಕಲ್ಲ, ಇದೇ ಮುಖ್ಯ. ಮೊದಲು ಪುಟ್ಟ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ತೊಳೆದು, ನೊರೆಯ ಗುರುತೂ ಉಳಿಯದಂತೆ ಮಾಡಿಕೊಂಡು, ಆಮೇಲೆ ನೀರಿಗಿಳಿಯಬೇಕು. ನಾನು ಇದನ್ನೆಲ್ಲ ಪಾಲಿಸಿ, ಕೈಯಲ್ಲಿದ್ದ ಸಣ್ಣ ಟವೆಲ್ ಸಮೇತ ಇಳಿದೆ. ಎದುರಿಗಿದ್ದ ಅಜ್ಜ ಮಾತನಾಡಲಿಲ್ಲ. ತನ್ನ ತಲೆಯ ಮೇಲೆ ಮಡಚಿಟ್ಟಿದ್ದ ಟವೆಲನ್ನು ಎತ್ತಿ, ನನಗೆ ತೋರಿಸಿ, ಮತ್ತೆ ತಲೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಟವೆಲ್ ನೀರಿಗೆ ತಾಗಬಾರದಂತೆ. ಆ ದೇಶದಲ್ಲಿ ನಾನು ಕಲಿತ ನಿಯಮಗಳಲ್ಲಿ ಅರ್ಧದಷ್ಟು ಹೀಗೆ ಮಾತಿಲ್ಲದೆ ಬಂದವು.

ನೀರು ಸಾಮಾನ್ಯವಾಗಿ 42 ಡಿಗ್ರಿ ಆಸುಪಾಸು. ಹಂಡೆಯ ನೀರನ್ನು ಹದಮಾಡಿ ಮೈಮೇಲೆ ಸುರಿದುಕೊಳ್ಳುವುದು ಬೇರೆ, ಅದರಲ್ಲೇ ಕುತ್ತಿಗೆವರೆಗೆ ಮುಳುಗಿ ಕೂರುವುದು ಬೇರೆ. ಮೊದಲ ದಿನ ಐದು ನಿಮಿಷ ಸಾಕು.

ಕುಳಿತಲ್ಲಿಂದ ಗೋಡೆ ನೋಡಿ. ಟೋಕಿಯೊದ ಹಳೆಯ ಸೆಂಟೊಗಳಲ್ಲಿ ಫುಜಿ ಪರ್ವತದ ದೊಡ್ಡ ಚಿತ್ರವಿರುತ್ತದೆ. 1912ರಲ್ಲಿ ಕಾಂಡಾ ಪ್ರದೇಶದ ಒಂದು ಸ್ನಾನದ ಮನೆಯಲ್ಲಿ ಶುರುವಾದ ರೂಢಿಯಂತೆ ಇದು. ಇದನ್ನೇ ವೃತ್ತಿಯಾಗಿಸಿಕೊಂಡ ಚಿತ್ರಕಾರರು ಈಗ ಬೆರಳೆಣಿಕೆಯಷ್ಟು. ಕೈಗೆ ಸಿಗುವ ಹಳದಿ ಬೋಗುಣಿಯ ತಳದಲ್ಲಿ 'ಕೆರೊರಿನ್' ಎಂದು ಬರೆದಿದ್ದರೆ ಅದು ನೋವಿನ ಔಷಧಿಯ ಜಾಹೀರಾತು, 1963ರಿಂದ ಇದೆ.

1960ರ ದಶಕದ ಕೊನೆಯಲ್ಲಿ ದೇಶದಲ್ಲಿ ಸುಮಾರು 18,000 ಸೆಂಟೊಗಳಿದ್ದವು. ಮನೆಮನೆಗೂ ತೊಟ್ಟಿ ಬಂದಿತು, ಈಗ ಎರಡು ಸಾವಿರವೂ ಇಲ್ಲ. ಹಾಗಾದರೆ ಇನ್ನೂ ಬರುವವರು ಯಾರು? ಮಧ್ಯಾಹ್ನ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನೋಡಿ, ಹೆಚ್ಚಿನ ಕಡೆ ಮೂರೂವರೆ, ನಾಲ್ಕು ಗಂಟೆ. ವಯಸ್ಸಾದವರು ಸಾಲಾಗಿ ನಿಂತಿರುತ್ತಾರೆ. ಅವರಲ್ಲಿ ಅನೇಕರ ಮನೆಯಲ್ಲಿ ತೊಟ್ಟಿ ಇದೆ, ಮಾತಿಗೆ ಜನ ಇಲ್ಲ.

ಟೋಕಿಯೊದಲ್ಲಿ 2024ರಲ್ಲಿ ದರ 550 ಯೆನ್ ಆಯಿತು, ಚಿಲ್ಲರೆ ಇಟ್ಟುಕೊಂಡಿರಿ. ಹಚ್ಚೆ ಇದ್ದವರನ್ನು ಹಲವು ಒನ್ಸೆನ್‌ಗಳು ಒಳಗೆ ಬಿಡುವುದಿಲ್ಲ, ಸೆಂಟೊಗಳಲ್ಲಿ ಬಹುತೇಕ ತಕರಾರಿಲ್ಲ. ಹೊರಬಂದ ಮೇಲೆ ಗಾಜಿನ ಬಾಟಲಿಯಲ್ಲಿ ತಣ್ಣನೆಯ ಕಾಫಿ ಹಾಲು ಸಿಕ್ಕರೆ ಬಿಡಬೇಡಿ. ನಮ್ಮ ಫಿಲ್ಟರ್ ಕಾಫಿಗೆ ಹೋಲಿಸಿದರೆ ಅದು ಕಾಫಿಯೇ ಅಲ್ಲ, ಆದರೂ ಒಂದೂವರೆ ವರ್ಷ ಪ್ರತಿ ಭಾನುವಾರ ಕುಡಿದೆ.