ಪಕ್ಷಕ್ಕಾಗಿ ಓಡಾಡಿದವರು ಸರ್ಕಾರಿ ನೌಕರಿಗೆ ಅರ್ಜಿ ಹಾಕಬಾರದೇ?
ಹಾಕಬಹುದು, ಹಾಕಲೂ ಬೇಕು. ಕಾಲೇಜು ದಿನಗಳಲ್ಲಿ ಬಾವುಟ ಹಿಡಿದ ಒಂದೇ ಕಾರಣಕ್ಕೆ ಯಾರಿಗೂ ಬಾಗಿಲು ಮುಚ್ಚಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಪ್ರಶ್ನೆ ಹೊಸದೇನಲ್ಲ. ಮಧ್ಯಪ್ರದೇಶದಲ್ಲಿ ಪುರಸಭೆಯ ಶಾಲೆಯೊಂದನ್ನು ಸರ್ಕಾರ ವಹಿಸಿಕೊಂಡಾಗ ಅಲ್ಲಿನ ಶಿಕ್ಷಕರೊಬ್ಬರು ಸರ್ಕಾರಿ ನೌಕರರಾದರು. ಅವರು ಹಿಂದೆ ಆರ್‌ಎಸ್‌ಎಸ್ ಮತ್ತು ಜನಸಂಘದ ಚಟುವಟಿಕೆಗಳಲ್ಲಿ ಭಾಗವಹಿಸಿದ್ದರು ಎಂದು ಪೊಲೀಸರು ವರದಿ ಕೊಟ್ಟರು, ಕೆಲಸ ಹೋಯಿತು. 1983ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಕರ ಪರ ನಿಂತಿತು. ಹಳೆಯ ರಾಜಕೀಯ ಒಲವು ನೋಡಿ ನೌಕರಿ ನಿರಾಕರಿಸುವುದು ಸಂವಿಧಾನದ 14 ಮತ್ತು 16ನೇ ವಿಧಿಗಳಿಗೆ ವಿರುದ್ಧ ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ. ಮುಂದೆ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದವರು ಇವರೇ. ಪೊಲೀಸ್ ಕಡತ ನೋಡಿ ಪ್ರಜೆಯ ಹಣೆಬರಹ ಬರೆಯುವ ಪದ್ಧತಿ ಬ್ರಿಟಿಷರ ಕಾಲದ್ದು, ಅದು ನಮಗೆ ಬೇಡ.

ನೌಕರಿ ಸಿಕ್ಕ ಮೇಲಿನ ಮಾತು ಬೇರೆ. ನಡತೆ ನಿಯಮಗಳ ಪ್ರಕಾರ ನೌಕರರು ಪಕ್ಷದ ಸದಸ್ಯರಾಗಿರುವಂತಿಲ್ಲ, ಚುನಾವಣಾ ಪ್ರಚಾರಕ್ಕೆ ಇಳಿಯುವಂತಿಲ್ಲ. ಅಭ್ಯರ್ಥಿಯ ಪರ ಮತಗಟ್ಟೆ ಏಜೆಂಟರಾಗಿ ಕೂತರೆ 3 ತಿಂಗಳವರೆಗೆ ಜೈಲಾಗಬಹುದು. ಇದು ನ್ಯಾಯವೇ: ಪಡಿತರ ಚೀಟಿಗೆ ಬಂದ ಅಜ್ಜಿ, ಮೇಜಿನಾಚೆ ಕೂತವರು ಯಾವ ಪಕ್ಷದವರೋ ಎಂದು ಅಂಜಬಾರದು. ಆದ್ದರಿಂದ ಸೇರುವ ಮೊದಲೇ ಪಕ್ಷದ ಸದಸ್ಯತ್ವಕ್ಕೆ ರಾಜೀನಾಮೆ ಕೊಡಿ.

ಪ್ರತಿಭಟನೆಯಲ್ಲಿ ಕೇಸು ದಾಖಲಾಗಿದ್ದರೆ ದೃಢೀಕರಣ ನಮೂನೆಯಲ್ಲಿ (ನೇಮಕಾತಿ ವೇಳೆ ನಿಮ್ಮ ಹಿನ್ನೆಲೆಯ ವಿವರ ಬರೆದುಕೊಡುವ ಅರ್ಜಿ) ಮುಚ್ಚಿಡಬೇಡಿ. ಎಷ್ಟೋ ಸಲ ಕೇಸಿಗಿಂತ ಅದನ್ನು ಮುಚ್ಚಿಟ್ಟದ್ದೇ ನೇಮಕಾತಿಗೆ ಕುತ್ತು ತರುತ್ತದೆ.