ಇಬ್ಬರು ಒಂದೇ ದಾಖಲೆ ತಿದ್ದಿದರೆ ಪತ್ತೆ ಹಚ್ಚುವುದು ಹೇಗೆ?

ಶಿರಸಿಯ ಕಚೇರಿ, ಸಿದ್ದಾಪುರದ ಶಾಖೆ, ಎರಡೂ ಕಡೆ ಒಬ್ಬರೇ ಬೆಳೆಗಾರರ ಫಾರ್ಮ್ ತೆರೆದಿದ್ದರು. ಶಿರಸಿಯವರು ತಿದ್ದಿದ ಅಡಿಕೆ ತೂಕ ಸಿದ್ದಾಪುರದವರು ಸೇವ್ ಮಾಡಿದಾಗ ಅಳಿಸಿಹೋಯಿತು. ಇದನ್ನು ಹಿಡಿಯುವುದು ಹೇಗೆ ಅಂತ ಕೇಳಿದ್ದೀರಿ.

ಟೇಬಲ್‌ಗೆ ವರ್ಷನ್ (ದಾಖಲೆಯ ಆವೃತ್ತಿ ಸಂಖ್ಯೆ) ಅಂತ ಒಂದು ಕಾಲಂ ಸೇರಿಸಿ. ಫಾರ್ಮ್ ತೆರೆದಾಗ ಆ ಸಂಖ್ಯೆಯನ್ನು ಹಿಡನ್ ಫೀಲ್ಡ್‌ನಲ್ಲಿ, ಅಂದರೆ ಪರದೆಯಲ್ಲಿ ಕಾಣದ ಜಾಗದಲ್ಲಿ, ಇಡಿ. ಸೇವ್ ಮಾಡುವಾಗ ಐಡಿ, ವರ್ಷನ್ ಎರಡೂ ಹೊಂದಿದರೆ ಮಾತ್ರ ಅಪ್‌ಡೇಟ್ ಆಗಲಿ. ಅದೇ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೊಡುವ ಆದೇಶದಲ್ಲಿ) ವರ್ಷನ್ ಕೂಡ ಒಂದು ಹೆಚ್ಚಲಿ. ಇಬ್ಬರೂ 7 ನೋಡಿದ್ದರು ಅಂದುಕೊಳ್ಳಿ. ಶಿರಸಿಯವರು ಮೊದಲು ಸೇವ್ ಮಾಡಿದರು, 8 ಆಯಿತು. ಸಿದ್ದಾಪುರದ ಫಾರ್ಮ್ ಇನ್ನೂ 7 ಹಿಡಿದುಕೊಂಡು ಬರುತ್ತದೆ. ಅದು ಹೊಂದದ ಕಾರಣ ಡೇಟಾಬೇಸ್ ಹೇಳುವುದು: ಬದಲಾದ ಸಾಲುಗಳು 0. ಅಲ್ಲೇ ಸಿಕ್ಕಿಬಿತ್ತು!

ಮೊದಲು ಸೆಲೆಕ್ಟ್ ಮಾಡಿ (ದಾಖಲೆ ಓದಿ) ವರ್ಷನ್ ನೋಡಿ, ಆಮೇಲೆ ಬೇರೆಯಾಗಿ ಅಪ್‌ಡೇಟ್ ಮಾಡುವುದು ಬೇಡ. ಆ ಎರಡರ ನಡುವೆಯೂ ಇನ್ನೊಬ್ಬರು ನುಗ್ಗಬಹುದು. ಎಪಿಐ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಆದರೆ ಇದೇ ಕೆಲಸಕ್ಕೆ ಈಟ್ಯಾಗ್ ಮತ್ತು ಇಫ್-ಮ್ಯಾಚ್ ಹೆಡರ್ ಇವೆ: ಈಟ್ಯಾಗ್ ಸರ್ವರ್ ಕೊಡುವ ಆವೃತ್ತಿ ಗುರುತು, ಇಫ್-ಮ್ಯಾಚ್‌ನಲ್ಲಿ ಅದನ್ನೇ ವಾಪಸ್ ಕಳಿಸುತ್ತೀರಿ. ಹೊಂದದಿದ್ದರೆ ಸರ್ವರ್‌ನ ಉತ್ತರ 412, ಅಂದರೆ ಷರತ್ತು ಹೊಂದಲಿಲ್ಲ ಅನ್ನುವ ಎರರ್ ಕೋಡ್.

ಫಾರ್ಮ್ ತೆರೆದ ಕೂಡಲೇ ದಾಖಲೆಗೆ ಬೀಗ ಹಾಕುವ ದಾರಿಯೂ ಇದೆ, ನನಗೆ ಅದು ಇಷ್ಟವಿಲ್ಲ. ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ವಾ? ಮಧ್ಯದಲ್ಲಿ ಕರೆಂಟ್ ಹೋದರೆ ಅವಧಿ ಮುಗಿಯುವ ತನಕ ಬೀಗ ಹಾಗೇ ಉಳಿಯುತ್ತದೆ.

ಇನ್ನೊಂದು ಮಾತು. ಘರ್ಷಣೆ ಸಿಕ್ಕಾಗ ಸುಮ್ನೆ ಎರರ್ ತೋರಿಸಿ ಟೈಪ್ ಮಾಡಿದ್ದನ್ನು ಅಳಿಸಬೇಡಿ. ಈಗಾಗಲೇ ಸೇವ್ ಆಗಿರುವ ಹೊಸ ತೂಕ, ತಡವಾಗಿ ಸೇವ್ ಮಾಡಿದವರು ಬರೆದ ತೂಕ ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿ. ಯಾವುದು ಸರಿ ಅಂತ ಅವರೇ ಆರಿಸಲಿ.