ಆಪ್ತಸಲಹೆ ಪ್ರಕರಣ: "ನಮ್ಮ ಕಥೆ ಮುಗೀತು ಮೇಡಂ"

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಸೋಮವಾರಪೇಟೆ ಕಡೆಯವರು, ನಲವತ್ತರ ಆಸುಪಾಸು. ಎಂಜಿನ್ ಆಯಿಲ್‌ಗೆ ಬೆರೆಸುವ ಅಡಿಟಿವ್ ಮಾಡುವ ಕಂಪನಿಯಲ್ಲಿ ಕೆಮಿಸ್ಟ್, ಮುಂಬೈ ಹತ್ತಿರ. ರಜೆ ಹಾಕಿ ಊರಿಗೆ ಬಂದವರು ವಾಪಸ್ ಹೋಗುವ ಮಾತೇ ಎತ್ತುತ್ತಿಲ್ಲ ಅಂತ ಹೆಂಡತಿ ಮಡಿಕೇರಿಗೆ ಕರೆದುಕೊಂಡು ಬಂದಿದ್ದರು. ರಾತ್ರಿ ನಿದ್ದೆ ಇಲ್ಲ. ಎಲೆಕ್ಟ್ರಿಕ್ ಸ್ಕೂಟರ್ ಕಂಡರೆ ಮುಖ ತಿರುಗಿಸುತ್ತಾರಂತೆ.

"ಅದಕ್ಕೆ ಎಂಜಿನ್ ಆಯಿಲೇ ಬೇಡ. ನಮ್ಮ ಕಥೆ ಮುಗೀತು ಮೇಡಂ."

ಕೆಲಸದ ಬಗ್ಗೆ ಹೇಳಿ ಅಂದೆ. ಬೆನ್ನು ನೆಟ್ಟಗಾಯಿತು. ಲೂಬ್ರಿಝಾಲ್, ಇನ್ಫೀನಿಯಂ, ಶೆವ್ರಾನ್ ಒರೊನೈಟ್, ಆಫ್ಟನ್: ಜಗತ್ತಿನ ಅಡಿಟಿವ್ ವ್ಯಾಪಾರದ ಬಹುಪಾಲು ಈ ನಾಲ್ಕು ಕಂಪನಿಗಳ ಕೈಲಿ. ಲೂಬ್ರಿಝಾಲನ್ನು 2011ರಲ್ಲಿ ವಾರೆನ್ ಬಫೆಟ್ ಅವರ ಕಂಪನಿ ಕೊಂಡುಕೊಂಡಿತು. ಈಗ ಚೀನಾದವರೂ ಮಾರುಕಟ್ಟೆಗೆ ಇಳಿದಿದ್ದಾರೆ. ಅವರೆಲ್ಲರ ಮುಂದೆ ಇವರು ಕೆಲಸ ಮಾಡುವುದು ಚಿಕ್ಕ ಕಂಪನಿ. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಬಿಎಸ್-6 ಅನ್ನುವ ಬಿಗಿ ನಿಯಮ ಬಂದಾಗ, ಡೀಸೆಲ್ ಗಾಡಿಯ ಹೊಗೆ ಫಿಲ್ಟರ್‌ನಲ್ಲಿ ಬೂದಿ ಕಟ್ಟದಂಥ ಆಯಿಲ್ ಬೇಕಾಯಿತು. ಸವೆತ ತಡೆಯಲು ಎಷ್ಟೋ ವರ್ಷದಿಂದ ನಂಬಿದ್ದ ಸತು, ರಂಜಕ ಇರುವ ಝಡ್‌ಡಿಡಿಪಿ ಅನ್ನುವ ಅಡಿಟಿವ್‌ಗೂ ಕತ್ತರಿ.

"ಆ ಹೊಸ ಫಾರ್ಮುಲಾ ಯಾರು ಮಾಡಿದ್ದು?"

"ನಮ್ಮ ಟೀಮೇ."

ಹಾಗಾದರೆ ಈ ಸಲ ಕೈ ಚೆಲ್ಲಿದ್ದೇಕೆ? ಆಗ ಹೆಂಡತಿ ಬಾಯಿಬಿಟ್ಟರು. ಎಲೆಕ್ಟ್ರಿಕ್ ಕಾರಿನ ಗೇರ್ ಆಯಿಲ್ ಪ್ರಾಜೆಕ್ಟನ್ನು ಇವರ ಕೈಕೆಳಗಿದ್ದ ಹುಡುಗನಿಗೆ ಕೊಟ್ಟಿದ್ದರಂತೆ. ಕೆಲವು ಕಾರುಗಳಲ್ಲಿ ಅದೇ ಆಯಿಲ್ ಮೋಟರನ್ನೂ ತಂಪಾಗಿಡಬೇಕು, ತಾಮ್ರದ ತಂತಿಯನ್ನು ತಿನ್ನಬಾರದು. ತಾಮ್ರದ ಟೆಸ್ಟ್ ಆ ಹುಡುಗನಿಗೆ ಕಲಿಸಿದ್ದೇ ಇವರು.

ಉದ್ಯಮ ಬದಲಾಗುತ್ತಿರುವುದು ನಿಜ. ಆದರೆ ಇವರ ನಿದ್ದೆ ಕೆಡಿಸಿದ್ದು ಅವಮಾನ ಅಂತ ನನಗನ್ನಿಸಿತು. ಹಾಗೇ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ.

ರಾಜೀನಾಮೆ ಸದ್ಯಕ್ಕೆ ಬೇಡ ಅಂದೆ. ಪ್ರಾಜೆಕ್ಟ್ ಯಾಕೆ ಕೈತಪ್ಪಿತು ಅಂತ ಬಾಸ್‌ನನ್ನು ನೇರವಾಗಿ ಕೇಳಿ, ಅದರಲ್ಲಿ ಏನಾದರೂ ಪಾಲು ಕೇಳಿ. ರಾತ್ರಿ ಊಟ ಆದಮೇಲೆ ಎಲೆಕ್ಟ್ರಿಕ್ ಗಾಡಿ ಸುದ್ದಿ ನೋಡಬೇಡಿ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಿ, ನಾನೇ ಚೀಟಿ ಬರೆದುಕೊಡ್ತೀನಿ. ಕೆಲಸ ಬಿಟ್ಟು ಊರಿನ ಕಾಫಿ ತೋಟಕ್ಕೇ ಬಂದುಬಿಡ್ತೀನಿ ಅಂತಲೂ ಅನ್ನುತ್ತಿದ್ದರು, ಅದಕ್ಕೆ ಮೊದಲು ಅಣ್ಣನ ಜೊತೆ ಕೂತು ಕೂಲಿ, ಗೊಬ್ಬರ, ಕಾಫಿ ಮಾರಿದ ದುಡ್ಡು ಎಲ್ಲ ಲೆಕ್ಕ ನೋಡಿ ಅಂದೆ. (ತೋಟಕ್ಕೆ ವಾಪಸ್ ಅನ್ನುವವರು ಇಲ್ಲಿ ಜಾಸ್ತಿ. ಲೆಕ್ಕದ ಪುಸ್ತಕ ಬಿಚ್ಚಿ ನೋಡಿದವರು ಕಡಿಮೆ.)

ಬಾಸ್‌ಗೆ ಕಳಿಸುವ ಮೆಸೇಜನ್ನು ಅಲ್ಲೇ ಕೂತು ಟೈಪ್ ಮಾಡಿ ತೋರಿಸಿದರು. ಮೊದಲ ಸಾಲೇ ಆ ಹುಡುಗನ ಮೇಲೆ ದೂರು. ಅಳಿಸಿ ಅಂದೆ. ಗೊಣಗಿಕೊಂಡೇ ಅಳಿಸಿದರು.